ಬರೆದುಕೊಳ್ಳದ ಆರ್ಡರ್

ಮುಂಬಯಿಯ ಫೋರ್ಟಿನ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಸಪ್ಲೈಯರ್ ಆಗಿದ್ದ ನನ್ನ ಗಂಡ ಒಂದು ಆರ್ಡರನ್ನೂ ಬರೆದುಕೊಂಡವರಲ್ಲ. ನಾಲ್ಕು ಟೇಬಲಿನವರು ಒಟ್ಟಿಗೆ ಹೇಳಿದರೂ ಯಾರ ವಡೆ ಸಾಂಬಾರಿನಲ್ಲಿ ಮುಳುಗಿರಬೇಕು, ಯಾರಿಗೆ ಸಾಂಬಾರ್ ಬೇರೆ ಕೊಡಬೇಕು ಎಂಬುದೆಲ್ಲ ತಲೆಯಲ್ಲೇ ಇರುತ್ತಿತ್ತು. ಅಂಥವರು ಚೌತಿ ಕಳೆದ ಮರುತಿಂಗಳು ಉಪ್ಪಿಟ್ಟು ಕೇಳಿದವರಿಗೆ ಶಿರಾ ಕೊಟ್ಟು ಬೈಸಿಕೊಂಡು ಬರತೊಡಗಿದರು. ಜೊತೆಗೆ ಬಿಡದ ತಲೆನೋವು. "ಅರವತ್ತಕ್ಕೆ ಮೊದಲೇ ಅರಳುಮರಳು" ಎಂದು ನಾನು ಛೇಡಿಸಿದೆ. ನನ್ನ ಬಾಯಿಗೆ ಬೀಗವಿಲ್ಲ. ಉಷ್ಣವಿರಬೇಕೆಂದು ದಿನಾ ಸಂಜೆ ನೆತ್ತಿಗೆ ಎಣ್ಣೆ ತಟ್ಟಿದೆ.

ಒಂದು ಬೆಳಿಗ್ಗೆ ಎಡಗಾಲಿನ ಚಪ್ಪಲಿ ಕಳಚಿದ್ದು ತಿಳಿಯದೆ ಸಯನ್ ಸ್ಟೇಷನ್ನಿನವರೆಗೆ ನಡೆದು, ಒಂಟಿ ಚಪ್ಪಲಿಯಲ್ಲೇ ಮನೆಗೆ ಮರಳಿದರು. ಆಗ ನನಗೆ ಹೆದರಿಕೆಯಾಯಿತು. ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಸಿಟಿ ಸ್ಕ್ಯಾನ್ ಕೋಣೆಯ ಹೊರಗೆ ಅವರ ಕನ್ನಡಕ, ಕೊರಳ ಸರ ಮಡಿಲಲ್ಲಿಟ್ಟುಕೊಂಡು ಕುಳಿತೆ.

ಡಾಕ್ಟರು ಪರದೆಯಲ್ಲಿ ತೋರಿಸಿದರು. ತಲೆಬುರುಡೆಗೂ ಮಿದುಳಿಗೂ ನಡುವೆ, ಬಲಗಡೆ, ತೆಂಗಿನಕಾಯಿ ಹೋಳಿನಂತೆ ಬಾಗಿದ ಬೂದು ಪಟ್ಟಿ. ಹಳೆಯ ರಕ್ತ ನೀರಾಗಿ ನಿಂತು ಮಿದುಳನ್ನು ಪಕ್ಕಕ್ಕೆ ತಳ್ಳುತ್ತಿದೆ, ಇವತ್ತೇ ತೂತು ಕೊರೆದು ತೆಗೆಯಬೇಕು, ತಡವಾದರೆ ಎಚ್ಚರ ತಪ್ಪಬಹುದು ಎಂದರು. ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಇವರನ್ನು ಹಿಂದಿಯಲ್ಲಿ ಕೇಳಿದರು.

"ಕುಛ್ ನಹೀಂ. ಎಂತ ಆಗ್ಲಿಲ್ಲ," ಎಂದರು ಇವರು.

ಆಗಿತ್ತು. ಚೌತಿಗೆಂದು ಅಟ್ಟದ ಮೇಲಿನ ಕಡುಬಿನ ಪಾತ್ರೆ ಇಳಿಸಲು ನಾನೇ ಅವರನ್ನು ಸ್ಟೂಲು ಹತ್ತಿಸಿದ್ದೆ. ಪಾತ್ರೆ ಜಾರಿ ತಲೆಗೆ ಬಡಿದು ನೆಲಕ್ಕುರುಳಿತ್ತು. ರಕ್ತ ಬರಲಿಲ್ಲ. ಪಾತ್ರೆ ನಗ್ಗಿತೇ ಎಂದು ಎತ್ತಿ ನೋಡಿದವಳು ನಾನು. ಇದನ್ನೆಲ್ಲ ಡಾಕ್ಟರಿಗೆ ನಾನೇ ಹೇಳಿದೆ.

ತಲೆ ಬೋಳಿಸಿ ಸ್ಟ್ರೆಚರಿನಲ್ಲಿ ಒಯ್ಯುವಾಗ ಅವರ ಕೈ ಬಿಡಲಾಗಲಿಲ್ಲ. ನನ್ನನ್ನೇ ಮರೆತುಬಿಟ್ಟರೆ ಎಂಬ ಭಯದಲ್ಲಿ ಬಾಯಿಗೆ ಬಂದದ್ದನ್ನು ಹೇಳಿದೆ.

"ನಂದೊಂದು ಆರ್ಡರ್ ಉಂಟು. ಎರಡು ಇಡ್ಲಿ, ಒಂದು ವಡೆ, ಸಾಂಬಾರ್ ಬೇರೆ."

"ಎರಡು ಇಡ್ಲಿ..." ಎಂದು ತಡವರಿಸಿದರು. ಮುಂದಿನದು ಬರಲಿಲ್ಲ. ಬಾಗಿಲು ಮುಚ್ಚಿತು.

ಮರುದಿನ ಐಸಿಯುಗೆ ಐದು ನಿಮಿಷ ಬಿಟ್ಟರು. ಬ್ಯಾಂಡೇಜಿನ ಕೆಳಗಿನ ಕಣ್ಣುಗಳು ಬಹಳ ಹೊತ್ತು ನನ್ನನ್ನು ನೋಡಿದವು. ಗುರುತು ಸಿಕ್ಕಿಲ್ಲವೆಂದುಕೊಂಡೆ.

"ನಿಂದು ವಡೆ ಬಾಕಿ ಉಂಟು," ಎಂದರು. "ಸಾಂಬಾರ್ ಬೇರೆ ಅಲ್ವಾ?"