ಹಿಂದಿನ ಸೀಟಿನ ಕೈ

ಸ್ಕೂಟರನ್ನು ರೂಪಿಸಿದವರು ಒಂದು ಸಂಗತಿಯನ್ನು ಯೋಚಿಸಲೇ ಇಲ್ಲವೆಂದು ಇತ್ತೀಚೆಗೆ ನನಗೆ ಅನ್ನಿಸತೊಡಗಿದೆ. ವೇಗ ಹೆಚ್ಚಿಸುವ ಹಿಡಿಯನ್ನು ಅವರು ಬಲಗೈಗೆ ಕೊಟ್ಟರು. ಬಲಕ್ಕೆ ಸರಿಯಬೇಕಾದಾಗ ಲೋಕಕ್ಕೆ ಚಾಚಿ ತೋರಿಸಬೇಕಾದದ್ದೂ ಅದೇ ಬಲಗೈ. ಮುನ್ನುಗ್ಗುವುದಕ್ಕೂ ಅದೇ, ವಿನಂತಿಸುವುದಕ್ಕೂ ಅದೇ. ಎರಡನ್ನೂ ಏಕಕಾಲಕ್ಕೆ ಮಾಡುವಂತಿಲ್ಲ. ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಹಿಂದಿನ ಸೀಟು ಹುಟ್ಟಿಕೊಂಡಿತೆಂಬುದು ನನ್ನ ಈಗಿನ ನಂಬಿಕೆ. ನಂಬಿಕೆ ತುಸು ತಡವಾಗಿ ಬಂತು. ಅದು ಬರುವ ಹೊತ್ತಿಗೆ ನನ್ನ ಹಿಂದಿನ ಸೀಟು ಖಾಲಿಯಾಗಿತ್ತು.

ಮೊದಲು ನಮ್ಮ ಕೂಡುರಸ್ತೆಯನ್ನು ತಮಗೆ ಪರಿಚಯಿಸಬೇಕು. ಅಣ್ಣಾ ನಗರ್ ಅಳೆದು ಕಟ್ಟಿದ ಬಡಾವಣೆ. ರಸ್ತೆಗಳು ಅಗಲ, ಮೂಲೆಗಳು ಚೊಕ್ಕ. ಆದರೆ ಅಳತೆಗೋಲು ಹಿಡಿದವರು ಬಡಾವಣೆಯ ಅಂಚಿಗೆ ಬರುವಷ್ಟರಲ್ಲಿ ದಣಿದಿರಬೇಕು. ನಮ್ಮ ಬೀದಿ ಹೆದ್ದಾರಿಯ ಎಡಪಥಕ್ಕೆ ಬಂದು ಸೇರುತ್ತದೆ. ಅಲ್ಲಿ ನೆಲದ ಮೇಲೆ ಬರೆದ ಬಿಳಿಯ ಬಾಣ, ‘ನೇರವಾಗಿಯೂ ಹೋಗಬಹುದು, ಎಡಕ್ಕೂ ತಿರುಗಬಹುದು’ ಎಂದು ಉದಾರವಾಗಿ ಹೇಳುತ್ತದೆ. ಅದನ್ನು ನಂಬಿ ಮೆಟ್ರೋ ಕಂಬವೊಂದನ್ನು ದಾಟಿದರೆ, ಇನ್ನೊಂದು ಬಾಣ ‘ಎಡಕ್ಕೆ ಮಾತ್ರ’ ಎನ್ನುತ್ತದೆ. ಮೊದಲ ಬಾಣ ಕೊಟ್ಟ ಮಾತನ್ನು ಎರಡನೆಯದು ನಡೆಸಿಕೊಡುವುದಿಲ್ಲ. ಇದನ್ನು ಮುಂಚಿತವಾಗಿ ತಿಳಿಸಬೇಕಾದ ಫಲಕವೂ ಇದೆ. ಆದರೆ ಅದು ದೊಡ್ಡದೊಂದು ಮಳೆಮರದ ಕೊಂಬೆಗಳ ಹಿಂದೆ ಅಡಗಿದೆ. ಆ ಮರಕ್ಕೆ ಇಲ್ಲಿನವರು ‘ತೂಂಗುಮೂಂಜಿ’, ಎಂದರೆ ನಿದ್ದೆಮುಖದ ಮರ, ಎನ್ನುತ್ತಾರೆ. ಮರದ ಸಹವಾಸದಿಂದ ಫಲಕವೂ ನಿದ್ರಿಸುತ್ತಿದೆ. ಬಾಣಗಳಾದರೂ ಕಾಣುವುದು ರಸ್ತೆ ಖಾಲಿಯಿದ್ದಾಗ. ರಸ್ತೆ ಖಾಲಿಯಿದ್ದಾಗ ಬಾಣದ ಅಗತ್ಯವೇ ಇರುವುದಿಲ್ಲ.

ಹೀಗಾಗಿ, ನೇರ ಹೋಗಬೇಕಾದವರು ಕಂಬ ಬರುವುದರೊಳಗೆ ಎಡಪಥದಿಂದ ನಡುಪಥಕ್ಕೆ ದಾಟಿಕೊಳ್ಳಬೇಕು. ಅದೇ ಜಾಗದಲ್ಲಿ, ಎಡಕ್ಕೆ ಹೋಗಬೇಕಾದ ಬಸ್ಸುಗಳು ನಡುಪಥದಿಂದ ಎಡಪಥಕ್ಕೆ ದಾಟುತ್ತಿರುತ್ತವೆ. ಒಂದೇ ಬಾಗಿಲಲ್ಲಿ ಒಳಬರುವವರೂ ಹೊರಹೋಗುವವರೂ ಎದುರಾದಂತೆ. ದಾಟಲಾಗದಿದ್ದರೆ ಎಡಪಥ ನಮ್ಮನ್ನು ಸೀದಾ ಬೇರೊಂದು ರಸ್ತೆಗೆ ಎಳೆದೊಯ್ಯುತ್ತದೆ. ಅಲ್ಲಿಂದ ಪೆಟ್ರೋಲ್ ಬಂಕು ಕಳೆದು, ಕಲ್ಯಾಣಮಂಟಪ ಕಳೆದು, ರೈಲ್ವೆ ಸೇತುವೆಯ ಕೆಳಗೆ ತಿರುಗಿ, ಹೊರಟ ಕಡೆಗೇ ಮರಳಿ ಬರಬೇಕು.

ನಾವು, ಅಂದರೆ ನಾನು ಮತ್ತು ನನ್ನ ಹೆಂಡತಿ ಪದ್ಮಜಾ, ಪ್ರತಿ ಭಾನುವಾರ ಬೆಳಗ್ಗೆ ಈ ಬಾಗಿಲನ್ನು ದಾಟಿ ತಿರುವಲ್ಲಿಕ್ಕೇಣಿಯ ದೇವಸ್ಥಾನಕ್ಕೆ ಹೋಗುತ್ತಿದ್ದೆವು. ಅದು ಅವಳ ತವರಿನ ಬೀದಿ. ಅವಳ ಮನೆತನ ತಲೆಮಾರುಗಳಿಂದ ಅಲ್ಲಿಯೇ ನೆಲೆಸಿದ ವೈಷ್ಣವರದು. ಅವರ ಕನ್ನಡದಲ್ಲಿ ತಮಿಳು ಹಾಲಿನಲ್ಲಿ ಸಕ್ಕರೆಯಂತೆ ಕರಗಿದೆ. ನಮ್ಮ ತಂದೆ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಧಾರವಾಡದ ಮಾತನ್ನು ಕಟ್ಟಿಕೊಂಡು ಬಂದವರು. ಮನೆಯಲ್ಲಿ ಮಗಳು ಇಬ್ಬರ ಕನ್ನಡವನ್ನೂ ಆಲಿಸಿ ತಮಿಳಿನಲ್ಲಿ ತೀರ್ಪು ಕೊಡುತ್ತಾಳೆ. ವಿಮಾ ಕಚೇರಿಯ ನೌಕರಿ, ಅಡುಗೆ, ದೂರದರ್ಶನ ಇವುಗಳ ನಡುವೆ ನಾವಿಬ್ಬರೂ ನಿಶ್ಚಿಂತೆಯಿಂದ ಕನ್ನಡದಲ್ಲಿ ಹರಟುತ್ತಿದ್ದುದು ಆ ಭಾನುವಾರದ ಸವಾರಿಯಲ್ಲಿ ಮಾತ್ರ. ಅವಳ ಗಲ್ಲ ನನ್ನ ಭುಜದ ಹತ್ತಿರ. ಅವಳ ಅರ್ಧ ಮಾತು ನನಗೆ, ಇನ್ನರ್ಧ ಗಾಳಿಗೆ.

ಕಂಬ ಹತ್ತಿರವಾದಾಗ ಅವಳ ಬಲಗೈ ಹೊರಬರುತ್ತಿತ್ತು. ಚೆನ್ನೈಯಲ್ಲಿ ಹಿಂದೆ ಕುಳಿತ ಹೆಂಗಸರೆಲ್ಲ ಬಲ್ಲ ಕೈ ಅದು. ಪೊಲೀಸರ ಕೈಯಂತೆ ಸೆಟೆದು ನಿಲ್ಲುವುದಿಲ್ಲ. ಅಂಗೈ ಕೆಳಗೆ ಮಾಡಿ, ಬೆರಳುಗಳನ್ನು ಸಡಿಲ ಬಿಟ್ಟು, ಮಲಗಿದ ಮಗುವಿನ ಬೆನ್ನು ತಟ್ಟುವಂತೆ ಗಾಳಿಯನ್ನು ಮೆಲ್ಲಗೆ ತಟ್ಟುತ್ತದೆ. ಜೊತೆಗೆ ಕತ್ತು ಹಿಂದಕ್ಕೆ ಹೊರಳಿ, ಬಸ್ಸಿನ ಚಾಲಕನ ಕಣ್ಣನ್ನು ಹುಡುಕುತ್ತದೆ. “ಅಣ್ಣಾ, ಕೊಂಚಂ!” ಅಷ್ಟೇ. ಆನೆಯಂಥ ಬಸ್ಸು ಉಸ್ಸೆಂದು ನಿಲ್ಲುತ್ತಿತ್ತು. “ದಾರಿ ವಿಡ್ತಾ ಇದಾನೆ ರೀ, ತಿರುಗ್ಸಿ,” ಎಂದು ನನಗೆ ಅಪ್ಪಣೆಯಾಗುತ್ತಿತ್ತು. ದಾಟಿದ ಮೇಲೆ ಅದೇ ಕೈ ಒಮ್ಮೆ ಮೇಲೇರಿ ಚಾಲಕನಿಗೆ ಕೃತಜ್ಞತೆ ಹೇಳಿ, ಮಡಿಲಲ್ಲಿನ ಹೂವಿನ ಪೊಟ್ಟಣಕ್ಕೆ ಮರಳುತ್ತಿತ್ತು.

ನಾನು ಸುಧಾರಕ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳ ಫಲಕಗಳನ್ನು ಹೊತ್ತು ತಂದವನು. ಯಾವ ಪಕ್ಷವನ್ನು ಕೊಟ್ಟರೂ ಅದನ್ನು ಗೆಲ್ಲಿಸುವವನೇ ನಿಜವಾದ ವಾಗ್ಮಿ ಎಂದು ನಮಗೆ ಕಲಿಸಿದ್ದರು. ಅಂಥವನಿಗೆ ಈ ಕೈ ಹಿಡಿಸುವುದಾದರೂ ಹೇಗೆ? ಸಿಗ್ನಲ್ ದೀಪವಿದೆ, ಅದನ್ನು ಮಿನುಗಿಸಿದ್ದೇನೆ, ಮಿನುಗಿದ ಮೇಲೆ ಹಿಂದಿನವನು ದಾರಿ ಬಿಡುವುದು ಅವನ ಕರ್ತವ್ಯ. ಕರ್ತವ್ಯವನ್ನು ಉಪಕಾರವೆಂಬಂತೆ ಬೇಡಿಕೊಂಡರೆ ನಾಗರಿಕ ಸಮಾಜದ ಗತಿಯೇನು? ಇದನ್ನು ನಾನು ಸ್ಕೂಟರಿನ ಮೇಲೆಯೇ, ಮುಖ ಮುಂದಿಟ್ಟುಕೊಂಡು, ಹಲವು ಸಲ ಪ್ರತಿಪಾದಿಸಿದ್ದೆ. “ಆಯ್ತು ರೀ, ಕರ್ತವ್ಯ ಹಾರ್ನ್ ಹೊಡೀತಾ ಇದೆ, ಮೊದಲು ದಾಟಿ,” ಎನ್ನುತ್ತಿದ್ದಳು. ಸ್ಕೂಟರಿನ ಮೇಲಿನ ವಾದವನ್ನು ಗಾಳಿ ಹಾರಿಸಿಕೊಂಡು ಹೋಗುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ಪೆಟ್ಟಾದದ್ದು ವೇದಿಕೆಯ ಮೇಲೆ.

ಕಳೆದ ಪೊಂಗಲ್ ಹಬ್ಬಕ್ಕೆ ನಮ್ಮ ನಿವಾಸಿಗಳ ಸಂಘದವರು ‘ಪಟ್ಟಿಮನ್ರಂ’ ಏರ್ಪಡಿಸಿದರು. ತಮಿಳರಿಗೆ ಬಲುಪ್ರಿಯವಾದ ಚರ್ಚಾಕೂಟ ಅದು: ಎರಡು ಪಕ್ಷ, ನಡುವೆ ಒಬ್ಬ ತೀರ್ಪುಗಾರ, ಮಾತಿಗೊಂದು ಚಪ್ಪಾಳೆ. ವಿಷಯ, ನಮ್ಮ ಕೂಡುರಸ್ತೆಯ ಗೊಂದಲಕ್ಕೆ ಕಾರಣ ರಸ್ತೆಯೋ, ಮನುಷ್ಯರೋ? ನನ್ನ ಅಂತರಂಗದ ಪಕ್ಷ ರಸ್ತೆಯದು. ಆ ಬಾಣಗಳ ವಿರುದ್ಧ ಸಂಘದ ಸಭೆಗಳಲ್ಲಿ ಎಲ್ಲರಿಗಿಂತ ಹೆಚ್ಚು ಗಂಟಲು ಹರಿದುಕೊಂಡವನು ನಾನೇ. ಆದರೆ ಆ ಪಕ್ಷಕ್ಕೆ ಜನ ಕಿಕ್ಕಿರಿದಿದ್ದರು. “ಸಾರ್, ಮನುಷ್ಯರ ಪರ ಮಾತಾಡೋಕೆ ಯಾರೂ ಇಲ್ಲ, ನಿಮಗಾದ್ರೆ ಯಾವ ಸೈಡ್ ಆದ್ರೇನು?” ಎಂಬರ್ಥದಲ್ಲಿ ಕಾರ್ಯದರ್ಶಿಗಳು ತಮಿಳಿನಲ್ಲಿ ಹೊಗಳಿದರು. ಹೊಗಳಿಕೆ ನೇರವಾಗಿ ಕಾಲೇಜಿನ ಆ ಹಳೆಯ ವಾಗ್ಮಿಗೆ ತಾಗಿತು. ಒಪ್ಪಿಕೊಂಡೆ.

ರಸ್ತೆಯ ಪಕ್ಷದವರು ಬಾಣ, ಮರ, ಕಂಬಗಳನ್ನು ಒಂದೊಂದಾಗಿ ಮಂಡಿಸಿದರು. ಎಲ್ಲವೂ ನಿಜ, ಬಹುಪಾಲು ನನ್ನಿಂದಲೇ ಕೇಳಿ ತಿಳಿದದ್ದು. ಸೋಲು ಖಚಿತವೆನಿಸಿದಾಗ ನಾನೆದ್ದು, ಅಂಗೈ ಕೆಳಗೆ ಮಾಡಿ ಗಾಳಿಯನ್ನು ತಟ್ಟುತ್ತ, “ಅಣ್ಣಾ, ಕೊಂಚಂ!” ಎಂದೆ. ಚಪ್ಪರವೆಲ್ಲ ನಕ್ಕಿತು. “ಪ್ರತಿ ಭಾನುವಾರ ನನ್ನ ಹಿಂದಿನ ಸೀಟಿನಿಂದ ಈ ಕೈ ಹೊರಡುತ್ತದೆ,” ಎಂದು ಅಚ್ಚ ತಮಿಳಿನಲ್ಲಿ, ಪ್ರಾಸಬದ್ಧವಾಗಿ ಮುಂದುವರಿಸಿದೆ. “ಹಕ್ಕಿದ್ದೂ ಬೇಡುವ ಕೈ ಇದು. ಇಂಥ ಕೈಗಳಿರುವವರೆಗೆ ಚಿನ್ನದ ರಸ್ತೆ ಹಾಸಿದರೂ ನಾವು ಅದರ ಮೇಲೆ ಕುಳಿತು ಭಿಕ್ಷೆ ಎತ್ತುತ್ತೇವೆ!” ಚಪ್ಪಾಳೆ ನಿಲ್ಲಲಿಲ್ಲ. ಪದ್ಮಜಾ ಮುಂದಿನ ಸಾಲಿನಲ್ಲಿದ್ದಳು. ಅಕ್ಕಪಕ್ಕದವರು ಅವಳ ಬಲಗೈಯನ್ನು ಮೊಣಕೈಯಿಂದ ತಿವಿದು ನಗುತ್ತಿದ್ದರು. ಅವಳೂ ನಕ್ಕಳು. ನಗುತ್ತಲೇ ಆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ವೇದಿಕೆಯ ಮೇಲಿಂದ ಅದು ನನಗೆ ಕಾಣಿಸಿತು, ಅರ್ಥವಾಗಲಿಲ್ಲ. ಗೆಲ್ಲುತ್ತಿರುವವನ ಕಣ್ಣಿಗೆ ಕಾಣುವುದಷ್ಟೇ ಗೊತ್ತು.

ತೀರ್ಪು ನಮ್ಮ ಕಡೆಗೇ ಬಂತು. ಅತಿಥಿಯಾಗಿ ಬಂದಿದ್ದ ಅಧಿಕಾರಿಯೊಬ್ಬರು, ತಪ್ಪು ರಸ್ತೆಯದಲ್ಲವೆಂದು ಜನರೇ ಒಪ್ಪಿದ್ದು ತಮಗೆ ಬಹಳ ಸಂತೋಷ ತಂದಿದೆ ಎಂದರು. ಬಾಣಗಳನ್ನು ತಿದ್ದಿಸುವ ಮಾತು ಅಂದಿಗೆ ಮುಗಿಯಿತು, ಈಗ ಸಭೆಯಲ್ಲಿ ನಾನು ಬಾಯಿ ತೆರೆದರೆ, “ಸಾರ್, ನೀವೇ ಹೇಳಿದ್ರಲ್ಲ!” ಎನ್ನುತ್ತಾರೆ. ನನ್ನ ಮಾತಿನ ಎದುರು ನನ್ನ ಮಾತು ನಿಲ್ಲಲಾರದು. ನಾನು ಚೆನ್ನಾಗಿ ವಾದಿಸಿದ್ದೆ.

ಮರುಭಾನುವಾರ ಪದ್ಮಜಾ, “ನಾನು ಮೆಟ್ರೋದಲ್ಲೇ ಹೋಗ್ಬಿಡ್ತೀನಿ ರೀ. ಏಸಿ ಇದೆ, ತಂಪಾಗಿರತ್ತೆ,” ಎಂದಳು. ಮುನಿಸಿನ ಸುಳಿವಿರಲಿಲ್ಲ, ಇದ್ದಿದ್ದರೆ ವಾದಿಸಬಹುದಿತ್ತು. ಕಾಫಿ ಹೀರುತ್ತಿದ್ದ ಮಗಳು ತಲೆಯೆತ್ತಿ, “ಜಯಿಚ್ಚಾಚು ಅಪ್ಪಾ. ಇಪ್ಪೊ ಯಾರೋಡ ಪೋವೀಂಗ?” ಎಂದಳು. ಗೆದ್ದದ್ದಾಯಿತು, ಇನ್ನು ಯಾರ ಜೊತೆ ಹೋಗುತ್ತೀರಿ ಎಂದು ಅವಳ ತೀರ್ಪು.

ಒಬ್ಬನೇ ಹೋದೆ. ನಿಯಮದಂತೆ ದೀಪವನ್ನು ಮಿನುಗಿಸಿದೆ. ಅದು ಟಿಕ್ಕು ಟಿಕ್ಕೆಂದು ನನ್ನ ಹಕ್ಕನ್ನು ಸಾರುತ್ತಿತ್ತು. ಬಸ್ಸುಗಳು ತಮ್ಮ ಪಾಡಿಗೆ ಹೋಗುತ್ತಿದ್ದವು. ದೀಪಕ್ಕೆ ಕಣ್ಣಿಲ್ಲ, ಅದು ಯಾರನ್ನೂ ನೋಡುವುದಿಲ್ಲ. ಆದ್ದರಿಂದ ಅದನ್ನೂ ಯಾರೂ ನೋಡುವುದಿಲ್ಲ. ಎಡಪಥ ನನ್ನನ್ನು ಎಳೆದೊಯ್ದಿತು. ಪೆಟ್ರೋಲ್ ಬಂಕು, ಕಲ್ಯಾಣಮಂಟಪ, ಸೇತುವೆ. ಎಷ್ಟೋ ವಾರ ಹೀಗೆಯೇ ನಡೆಯಿತು. ಒಂದು ಭಾನುವಾರ ಹಟ ಹಿಡಿದು, ದೀಪವನ್ನೇ ನಂಬಿ ಬಲಕ್ಕೆ ಹೊರಳಿದೆ. ಕಿರ್ರೆಂದು ನಿಂತ ಆಟೋದಿಂದ ತಲೆ ಹೊರಹಾಕಿದ ಚಾಲಕ, “ಯೋವ್ ಪೆರಿಸು! ವೂಟ್ಲ ಸೊಲ್ಲಿಕಿನು ವಂದ್ಟಿಯಾ?” ಎಂದು ಗುಡುಗಿದ. ಎಲೈ ಮುದುಕಾ, ಮನೆಯಲ್ಲಿ ಹೇಳಿ ಬಂದಿದ್ದೀಯಾ? ಸಾಯುವುದಕ್ಕೇ ಹೊರಟವನು ಕೊನೆಯ ಮಾತು ಹೇಳಿಯೇ ಹೊರಟಿರಬೇಕೆಂಬುದು ಈ ಊರಿನ ರಸ್ತೆಗಳ ನಿತ್ಯದ ಬೈಗುಳ. ಎಲ್ಲರೂ ಎಲ್ಲರಿಗೂ ಬೈಯುವಂಥದು. ಆದರೆ ನನಗದನ್ನು ಯಾರೂ ಅಂದಿರಲಿಲ್ಲ. ಅಷ್ಟು ವರ್ಷ ಮನೆಯೇ ನನ್ನ ಹಿಂದೆ ಕುಳಿತು ಬರುತ್ತಿತ್ತು.

ದೇವಸ್ಥಾನದಲ್ಲಿ ಪದ್ಮಜಾ ಆಗಲೇ ಸಾಲಿನಲ್ಲಿದ್ದಳು. ಅಲ್ಲಿನ ದೇವರು ವೃತ್ತಿಯಿಂದ ಸಾರಥಿ, ದಪ್ಪ ಮೀಸೆಯುಂಟು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟದ್ದಕ್ಕಾಗಿ ಕೈಯಲ್ಲಿ ಚಕ್ರವಿಲ್ಲ, ಶಂಖ ಮಾತ್ರ. ಚಾಲಕನಿಗೆ ಹಾರ್ನ್ ಒಂದಿದ್ದರೆ ಸಾಕೆಂಬ ಚೆನ್ನೈಯ ಸಿದ್ಧಾಂತ ಇಲ್ಲಿಂದಲೇ ಹೊರಟಿರಬೇಕೆಂದು ನಾನು ಹಿಂದೆ ಹಾಸ್ಯ ಮಾಡಿದ್ದುಂಟು. ಆ ದಿನ ಅರ್ಚಕರು ಆರತಿಯ ಬೆಳಕನ್ನು ಮೂರ್ತಿಯ ಎಡಗೈಯ ಹತ್ತಿರ ತಂದು ನಿಲ್ಲಿಸಿದರು. ಸಡಿಲವಾಗಿ ಕೆಳಗಿಳಿದು ಪಾದವನ್ನು ತೋರಿಸುವ ಕೈ ಅದು. ಪದ್ಮಜಾ ನನ್ನತ್ತ ತಿರುಗದೆಯೇ ಮೆಲ್ಲಗೆ ಕೇಳಿದಳು: “ಇವನೂ ಬೇಡ್ತಾ ಇದಾನಾ ರೀ?”

ಹೊರಗೆ ಕಲ್ಲುಕಟ್ಟೆಯ ಮೇಲೆ ಕುಳಿತು, ದೊನ್ನೆಯ ಪುಳಿಯೋದರೆ ತಿನ್ನುತ್ತ, ಆಟೋದವನ ಮಾತನ್ನು ಹೇಳಿದೆ.

“ನೀವೇನಂದ್ರಿ?”

“ಏನೂ ತೋಚಲಿಲ್ಲ.”

“ನಿಮಗಾ? ತೋಚ್ಲಿಲ್ವಾ?” ಅವಳು ಬಾಯಿಗೆ ಸೆರಗು ಹಚ್ಚಿ ನಕ್ಕಳು. “ಪಾವಂ, ಮನೇಲಿ ಹೇಳ್ಬಿಟ್ಟು ಬರ್ಬೇಕಿತ್ತು.”

“ಈಗ ಹೇಳುತ್ತಿದ್ದೇನೆ,” ಎಂದೆ. “ಅವತ್ತು ಆ ಚಪ್ಪರದಲ್ಲಿ ನಾನು ನಿನ್ನ ಕೈಯನ್ನು ಹಾಗೆ ಆಡಿಸಬಾರದಿತ್ತು.” ಇಷ್ಟು ಚಿಕ್ಕ ಭಾಷಣವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಅವಳು ದೊನ್ನೆಯಲ್ಲಿ ಉಳಿದಿದ್ದ ಕಡಲೆಬೀಜವನ್ನು ಆರಿಸಿ ನನ್ನ ದೊನ್ನೆಗೆ ಹಾಕಿ, “ಆಗ್ಲಿ, ಪರವಾಯಿಲ್ಲೆ,” ಎಂದಳು. ಪರವಾಗಿಲ್ಲ ಎಂಬ ಈ ಮಾತನ್ನು ತಮಿಳಿನಲ್ಲಿ ಹೇಳಿದರೂ ಕನ್ನಡದಲ್ಲಿ ಹೇಳಿದರೂ, ಸ್ವಲ್ಪ ಪರವಾಗಿದೆ ಎಂದೇ ಅರ್ಥ.

ಮೆಟ್ರೋ ತಂಪಾಗಿದ್ದರೂ ಮಾತಿಗೆ ಯಾರೂ ಸಿಗುವುದಿಲ್ಲವೆಂದು ಹೇಳಿ, ಮುಂದಿನ ವಾರದಿಂದ ಅವಳು ಮತ್ತೆ ನನ್ನ ಹಿಂದೆ ಕುಳಿತು ಬರುತ್ತಿದ್ದಾಳೆ. ಗಲ್ಲ ಭುಜದ ಹತ್ತಿರ ಬಂದಿದೆ, ಹರಟೆಯೂ ಬಂದಿದೆ. ಕೈ ಮಾತ್ರ ಮೊದಲಿನಂತೆ ತಾನಾಗಿ ಹೊರಡುವುದಿಲ್ಲ. ಕಂಬ ಕಾಣಿಸುತ್ತಲೇ ನನ್ನ ಕಿವಿಯ ಬಳಿ ಕೇಳುತ್ತಾಳೆ: “ಕೈ ಹಾಕ್ಲಾ ರೀ?”

ಅದರಲ್ಲಿ ಕೊಂಕಿಲ್ಲ, ಎಷ್ಟು ಹುಡುಕಿದರೂ ಸಿಗಲಿಲ್ಲ. ಬಸ್ಸಿನವನನ್ನು ಕೇಳಲು ಎಂದೂ ಅಳುಕದವಳು ಈಗ ಮೊದಲು ನನ್ನನ್ನು ಕೇಳುತ್ತಾಳೆ. ಸಭೆಯಲ್ಲಿ ಮಾತಿಗೆ ಅವಕಾಶ ಬೇಕಾದಾಗ ನಾನು ಎತ್ತುತ್ತಿದ್ದುದೂ ಒಂದು ಕೈಯೇ ತಾನೇ? ಅದನ್ನು ಯಾರೂ ಭಿಕ್ಷೆ ಎಂದಿರಲಿಲ್ಲ. ದೀಪವೇ ಸರಿ, ನಿಯಮವೇ ಸರಿ ಎಂದು ನಾನು ಈಗಲೂ ನಂಬುತ್ತೇನೆ; ಬಾಣಗಳನ್ನು ತಿದ್ದಲೇಬೇಕೆಂದು ಈಗಲೂ ಗಂಟಲು ಹರಿದುಕೊಳ್ಳಬಲ್ಲೆ. ಆದರೆ ಆ ಒಂದು ಪ್ರಶ್ನೆಯನ್ನು ಹಿಂತೆಗೆದುಕೊಳ್ಳುವಂತೆ ಅವಳನ್ನು ಒಪ್ಪಿಸುವ ವಾದ ನನಗಿನ್ನೂ ಹೊಳೆದಿಲ್ಲ.

“ಹಾಕು, ಪದ್ಮಾ, ಹಾಕು,” ಎನ್ನುತ್ತೇನೆ. ಅವಳು ಕೇಳಿ, ನಾನು ಹೇಳಿ, ಕೈ ಹೊರಬರುವಷ್ಟರಲ್ಲಿ ಬಹಳ ಸಲ ಕಂಬ ದಾಟಿಹೋಗಿರುತ್ತದೆ. ಎಡಪಥ ನಮ್ಮಿಬ್ಬರನ್ನೂ ಎಳೆದೊಯ್ಯುತ್ತದೆ. ಪೆಟ್ರೋಲ್ ಬಂಕು ಕಳೆದು, ಕಲ್ಯಾಣಮಂಟಪ ಕಳೆದು, ಸೇತುವೆಯ ನೆರಳಿನಲ್ಲಿ ತಿರುಗುತ್ತೇವೆ. ಅಲ್ಲಿ ಹಿಂದೆ ವಾಹನವಿಲ್ಲ, ಯಾರನ್ನೂ ಏನೂ ಕೇಳಬೇಕಾಗಿಲ್ಲ. ಆದರೂ ತಿರುವಿನಲ್ಲಿ ಅವಳ ಕೈ ತಾನಾಗಿಯೇ ಹೊರಬಂದು ಖಾಲಿ ಗಾಳಿಯನ್ನು ಮೆಲ್ಲಗೆ ತಟ್ಟುತ್ತದೆ. ನಾನು ಅದನ್ನು ಕನ್ನಡಿಯಲ್ಲಿ ನೋಡುತ್ತೇನೆ, ನೋಡಿದೆನೆಂದು ಹೇಳುವುದಿಲ್ಲ.