ಕಾಯದ ಸ್ಪ್ರಿಂಗು

ಹಾಸಿಗೆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಒಲೆಯಪ್ಪ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಸ್ಪ್ರಿಂಗು ಕಾಯಿಸುವ ಒಲೆಯ ಮುಂದೆ ನಿಂತವನಿಗೆ ಬೇರೆ ಹೆಸರು ಅಂಟುವುದಾದರೂ ಹೇಗೆ? ಉಕ್ಕಿನ ತಂತಿಯನ್ನು ಯಂತ್ರ ಸುತ್ತಿ, ತುದಿಗೆ ಗಂಟು ಹಾಕಿ ಉದುರಿಸುತ್ತದೆ. ಅಲ್ಲಿಗೇ ಮುಗಿಯಿತು ಎಂದವರು ಅವನ ಬಾಯಿಗೆ ಸಿಕ್ಕರೆ ಕೆಟ್ಟರು. ಸುತ್ತಿದ ತಂತಿಯೊಳಗಿನ ಬಿಗಿತ ಇಳಿಯಬೇಕಾದರೆ ಅದು ಒಲೆಯಲ್ಲಿ ಅರ್ಧ ಗಂಟೆ ಕಾಯಬೇಕು. ಕಾದ ತಂತಿಗೆ ಒಣಹುಲ್ಲಿನ ಬಣ್ಣ ಬರುತ್ತದೆ. ಕಾಯದ್ದು ಬೆಳ್ಳಗೆ ಹೊಳೆಯುತ್ತದೆ, ಹೊಸದರಲ್ಲಿ ಚೆನ್ನಾಗಿಯೇ ಪುಟಿಯುತ್ತದೆ, ಕೆಲವೇ ತಿಂಗಳಲ್ಲಿ ಕುಸಿದು ಕೂತುಬಿಡುತ್ತದೆ. ಇದನ್ನೇ ಹೇಳಿ ಹೇಳಿ ಹೊಸಬರ ತಲೆ ತಿನ್ನುತ್ತಿದ್ದ.

ಅಂಥವನೇ ಕಳೆದ ವರ್ಷ ಒಂದು ಮಧ್ಯಾಹ್ನ ಒಂದು ಗಾಡಿ ಸ್ಪ್ರಿಂಗನ್ನು ಕಾಯಿಸದೆ ದಾಟಿಸಿದ. ಒಲೆ ಕೆಟ್ಟಿತ್ತು, ರಿಪೇರಿಯವನು ಬರುವುದು ಸಂಜೆಗೆ. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು. ಜೋಡಿಸುವವರು ಕೈಕಟ್ಟಿ ಕೂತು, ಇವತ್ತು ಒಲೆಯಪ್ಪನೇ ತಣ್ಣಗಾದ ಎಂದು ಆಡಿಕೊಳ್ಳುತ್ತಿದ್ದರು. ತನ್ನಿಂದ ಕೆಲಸ ನಿಂತಿತು ಎನಿಸಿಕೊಳ್ಳಲು ಅವನಿಗೆ ಆಗಲಿಲ್ಲ. ಒಲೆ ಕೆಡುವ ಮುಂಚೆ ಇದು ಕಾಯಿತಾ ಎಂದು ಮೇಸ್ತ್ರಿ ಕೇಳಿದಾಗ ಹೌದೆಂದು ತಲೆಯಾಡಿಸಿದ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಎಂದು ಸಮಾಧಾನ ಬೇರೆ ಮಾಡಿಕೊಂಡ, ಪುಣ್ಯಾತ್ಮ.

ಅದೇ ತಿಂಗಳು ಅವನ ಅಕ್ಕ, ತಮ್ಮನ ಕಾರ್ಖಾನೆಯದೇ ಬೇಕೆಂದು ಹಟ ಹಿಡಿದು ಅಂಗಡಿಯಿಂದ ಹಾಸಿಗೆ ತರಿಸಿದಳು. ಅದು ಯಾವ ಗಾಡಿಯದಿರಬಹುದೆಂದು ಯೋಚಿಸಲು ಅವನಿಗೆ ಹೆದರಿಕೆ. ಏನೇನೋ ನೆಪ ಹೇಳಿ ಆ ಮನೆಯ ಕಡೆ ಹೋಗುವುದನ್ನೇ ಬಿಟ್ಟ.

ಮೊನ್ನೆ ಭಾನುವಾರ ತಪ್ಪಿಸಿಕೊಳ್ಳಲಾಗದೆ ಹೋದ. ಅಕ್ಕ ಸೊರಗಿದ್ದಳು, ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಹಾಸಿಗೆಯ ಮೇಲೆ ಕೂತರೆ ಅವಳು ಮಲಗುವ ಕಡೆ ಗುಂಡಿ. ಅದರ ಕೆಳಗೆ ಮಡಚಿದ ಕಂಬಳಿ ತುರುಕಿದ್ದು ಕೈಗೆ ಸಿಕ್ಕಿತು.

"ನಾನೇ ದಪ್ಪ ಆಗ್ಬಿಟ್ಟಿದ್ದೆ ಕಣೋ," ಎಂದಳು ನಾಚಿಕೊಂಡು. "ಅದಕ್ಕೇ ನಾಲ್ಕು ತಿಂಗಳಿಂದ ರಾತ್ರಿ ಊಟ ಬಿಟ್ಟಿದೀನಿ. ನಿನ್ನ ಹೆಸರು ಕೆಡಬಾರದು ಅಂತ ಯಾರಿಗೂ ಹೇಳಿಲ್ಲ."

ಅವಳು ಕಾಫಿಗೆಂದು ಒಳಗೆ ಹೋದಾಗ ಅವನು ಮೂಲೆಯ ಹೊಲಿಗೆ ಬಿಚ್ಚಿ ನೋಡಿದ. ತಂತಿ ಬೆಳ್ಳಗಿತ್ತು. ಮತ್ತೆ ಹೊಲಿದು ಸುಮ್ಮನಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಆದರೆ ಆ ಬಳೆ ಅವನ ಕಣ್ಣಿಗೆ ಕಟ್ಟಿತ್ತು. ಅವಳು ಲೋಟ ಹಿಡಿದು ಬಂದಾಗ ಮುಖ ನೋಡದೆ ಹೇಳಿದ:

"ನೀನು ದಪ್ಪ ಆಗಿರ್ಲಿಲ್ಲ ಅಕ್ಕ. ನಾನು ಇದನ್ನ ಒಲೆಗೇ ಹಾಕಿಲ್ಲ. ಗೊತ್ತಿದ್ದೂ ಕಳಿಸ್ದೆ."

ಅಕ್ಕ ಬೈಯುತ್ತಾಳೆಂದು ಕಾದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಲೋಟ ಕೆಳಗಿಟ್ಟು, "ಪಕ್ಕದ ಮನೆಯವರಿಗೂ ನಾನೇ ಹೇಳಿ ಕೊಡಿಸಿದೆನಲ್ಲೋ," ಎಂದಳು.

ಅವನು ಎದ್ದು ಚಪ್ಪಲಿ ಮೆಟ್ಟಿದ. ಅಕ್ಕನೂ ಹಿಂದೆಯೇ ಬಂದಳು. ನಾಳೆ ಮೇಸ್ತ್ರಿಯ ಮುಂದೆ ಒಪ್ಪಿಕೊಳ್ಳುವುದು, ಮೊದಲು ಇಲ್ಲಿ ಎಂದುಕೊಂಡು ಪಕ್ಕದ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆರೆದ ಹೆಂಗಸು ಅವನನ್ನು ನೋಡಿ ಮುಖ ಅರಳಿಸಿ, ನೀವು ಯಾವಾಗಲೂ ಹೇಳುವ ತಮ್ಮ ಇವರೇನಾ ಎಂದು ಅಕ್ಕನನ್ನು ಕೇಳಿದಳು.

ಹೌದು ಎನ್ನಲು ಅಕ್ಕನಿಗೆ ಸ್ವಲ್ಪ ಹೊತ್ತು ಹಿಡಿಯಿತು.