ಎಣ್ಣೆ ಹಚ್ಚಿದ ಕೈ

ಈ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂತಿತ್ತು. ಬಿಸಿನೀರಿನ ಪಾತ್ರೆಯಲ್ಲಿಟ್ಟೆ. ವಾಸನೆ ಬಂದದ್ದೇ ತಡ, ಕ್ವೀನ್ಸ್‌ಬರಿಯ ಆ ಅಡುಗೆಮನೆ, ಕುರ್ಚಿಯಲ್ಲಿ ನನಗೆ ಬೆನ್ನು ಮಾಡಿ ಕೂತ ಚಿಕ್ಕಮ್ಮ...

ನೆಂಟಸ್ತಿಕೆಯ ಚಿಕ್ಕಮ್ಮನಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಇಂಗ್ಲಿಷರ ಈ ನಾಡಿಗೆ ಬಂದ ನಾನು ಅವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಉಡುಪಿಯವರು, ಮಕ್ಕಳಿಲ್ಲ, ಒಬ್ಬರೇ ಇದ್ದರು. ಒಂದು ಭುಜ ಹಿಡಿದುಕೊಂಡು ಆ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಬೆಳಿಗ್ಗೆ ಅವರು ಕೆಲಸಕ್ಕೆ ಟ್ಯೂಬ್ ರೈಲು ಹಿಡಿಯುವ ಮೊದಲು ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುವುದು ನನ್ನ ಪಾಲಿನ ಕೆಲಸ. ಅಮ್ಮನನ್ನು ಬಿಟ್ಟು ಬಂದವಳಿಗೆ ಆ ಕಾಲು ಗಂಟೆ ಬಹಳ ಹಿತವಾಗಿತ್ತು.

ಅವರಿಗೆ ಲ್ಯಾಬ್‌ನಲ್ಲಿ ಕೆಲಸ. ಆಸ್ಪತ್ರೆಯ ನಳಿಕೆಗಳಿಗೆ ಬಳಸುವ ಪ್ಲಾಸ್ಟಿಕ್ಕಿನ ಮೈಯನ್ನು ರಾಸಾಯನಿಕದಿಂದ ಬದಲಿಸಿ ನೀರಿಗೆ ಒಗ್ಗಿಸುವುದು. ಒಮ್ಮೆ ಎರಡು ತುಂಡು ತಂದು ತೋರಿಸಿದ್ದರು. ಒಂದರ ಮೇಲೆ ಹನಿ ಮಣಿಯಂತೆ ದುಂಡಗೆ ನಿಂತಿತು. ಇನ್ನೊಂದರ ಮೇಲೆ ತೆಳ್ಳಗೆ ಹರಡಿಕೊಂಡಿತು.

"ನೋಡು ಮಾರಾಯ್ತಿ, ಹೀಗೆ ಒದ್ದೆ ಹಿಡಿದ್ರೆ ನಳಿಕೆ ಜಾರ್ತದೆ. ರೋಗಿಗೆ ಒಳಗೆ ಹಾಕುವಾಗ ನೋವು ಕಮ್ಮಿ."

ಆ ಚಳಿಗಾಲ ಅವರ ತುಂಡುಗಳ ಮೇಲೆ ಮಾತ್ರ ಹನಿ ಹರಡಲಿಲ್ಲ. ಉಳಿದವರದೆಲ್ಲ ಸರಿ ಬರುತ್ತಿತ್ತು. ತಿಂಗಳೊಳಗೆ ಸರಿಹೋಗದಿದ್ದರೆ ಕೆಲಸ ಮುಂದುವರಿಸುವುದಿಲ್ಲ ಎಂದು ಮೇಲಿನವರು ಹೇಳಿಬಿಟ್ಟರು. ಚಿಕ್ಕಮ್ಮನಿಗೆ ಊಟ ಸೇರುತ್ತಿರಲಿಲ್ಲ. ತಲೆ ತಣ್ಣಗಾಗಲಿ ಎಂದು ನಾನು ಎಣ್ಣೆಯನ್ನು ಇನ್ನಷ್ಟು ಧಾರಾಳವಾಗಿ ತಟ್ಟಿದೆ.

ಒಂದು ಬೆಳಿಗ್ಗೆ ಬಾಟಲಿ ಹಿಡಿದು ನಿಂತರೆ ಜಡೆಯೇ ಇಲ್ಲ. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಿದ್ದರು.

"ಇನ್ನು ಎಣ್ಣೆ ಬೇಡ ಮಗಾ" ಎಂದರು, ಅಷ್ಟೇ. ಕೆಲಸದ ಬಗ್ಗೆ ಕೇಳಿದರೆ, "ಮೆಷಿನ್ ಸಮ ಇರ್ಲಿಲ್ಲ. ಈಗ ಸರಿಯಾಯ್ತು."

ನನಗೋ ಮೂಗಿನ ತುದಿಯಲ್ಲೇ ಕೋಪ. ನನ್ನ ಕೈ ಬೇಡವಾಯಿತಲ್ಲ ಎಂದು ಮುನಿಸಿಕೊಂಡೆ. ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿದ್ದೇ ನೆಪವಾಗಿ ಆ ಮನೆ ಬಿಟ್ಟು ಅಲ್ಲೇ ಹತ್ತಿರದ ಫೆಲ್ಥಮ್‌ಗೆ ಹೋದೆ. ಅವರು ಫೋನ್ ಮಾಡಿದರೆ ಎರಡೇ ಮಾತು. ಹೀಗೇ ವರ್ಷಗಳು...

ಅವರ ಅಂತ್ಯಕ್ರಿಯೆಯ ದಿನ ಲ್ಯಾಬಿನ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ಹಳೆಯ ಕಥೆ ತೆಗೆದರು. ಕೈಗವಸು ಹಾಕಿಕೊಂಡೇ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವುದು ಚಿಕ್ಕಮ್ಮನ ಅಭ್ಯಾಸ. ಕೂದಲಿನ ಎಣ್ಣೆ ಕೈಗವಸಿನಿಂದ ಪ್ಲಾಸ್ಟಿಕ್ಕಿಗೆ ಹತ್ತಿ ನೀರು ಹರಡುತ್ತಿರಲಿಲ್ಲ. ಇಷ್ಟು ಎಣ್ಣೆ ಯಾರು ಹಚ್ಚುತ್ತಾರೆ ಎಂದು ಎಲ್ಲರೂ ನಕ್ಕಾಗ, "ನನ್ನ ಮಗಳು. ಅವಳಿಗೆ ಗೊತ್ತಾಗಬಾರದು, ನೊಂದುಕೊಳ್ಳುತ್ತಾಳೆ" ಎಂದಿದ್ದರಂತೆ.

ಎಣ್ಣೆ ಈಗ ಕರಗಿದೆ. ಅಂಗೈಗೆ ಸುರಿದುಕೊಂಡು ಸುಮ್ಮನೆ ಕೂತಿದ್ದೇನೆ. ಆ ದಿನ ಆ ಹೆಂಗಸು ಸುತ್ತ ನೋಡಿ, "ಮಗಳು ಬಂದಿದ್ದಾಳಾ?" ಎಂದು ಕೇಳಿದ್ದರು. ಎಣ್ಣೆ ಹಚ್ಚುತ್ತಿದ್ದ ಎರಡೂ ಕೈಗಳನ್ನು ನಾನು ಕೋಟಿನ ಜೇಬಿಗೆ ತುರುಕಿಕೊಂಡೆ.